ಒಕೋಯೆ ಆಟ ನಿಂತದ್ದು ಡಿಕ್ಕಿಯಿಂದಲ್ಲ

ಮಾನ್ಯರೇ,

ನೈಜೀರಿಯಾದ ಅನಾಂಬ್ರಾದಲ್ಲಿ ಹುಟ್ಟಿ ಅಮೆರಿಕನ್ ಫುಟ್‌ಬಾಲ್ ಆಡಿದ ಅಮೋಬಿ ಒಕೋಯೆ ಕುರಿತು ತಮ್ಮ ಕ್ರೀಡಾಪುಟದಲ್ಲಿ ಬಂದ ಬರಹದಲ್ಲಿ ಎರಡು ತಪ್ಪುಗಳಿವೆ. ಅವರು ಅಂಕ ಗಳಿಸದ ವಿಫಲ ಆಟಗಾರ ಎಂಬುದು ಒಂದು. ತಲೆಗೆ ಡಿಕ್ಕಿ ಬಿದ್ದೂ ಬಿದ್ದೂ ಮಿದುಳು ಕೆಟ್ಟಿತು ಎಂಬುದು ಇನ್ನೊಂದು.

ಅಂಕ ಗಳಿಸುವುದು ಅವರ ಕೆಲಸವೇ ಅಲ್ಲ. ಒಕೋಯೆ ಡಿಫೆನ್ಸಿವ್ ಟ್ಯಾಕಲ್, ಅಂದರೆ ಎದುರಾಳಿಯ ದಾಳಿಯನ್ನು ತಡೆಯುವ ಸಾಲಿನ ನಡುವೆ ನಿಲ್ಲುವವರು. ಎದುರಾಳಿಯ ಸಾಲಿನಲ್ಲಿ ಐವರು: ನಡುವೆ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್‌ಗಳು, ಅಂಚಿಗೆ ಟ್ಯಾಕಲ್‌ಗಳು. ಅವರೆದುರು ಒಂದು ಕೈ ನೆಲಕ್ಕೂರಿ ಬಾಗಿ ನಿಲ್ಲಬೇಕು. ಚೆಂಡು ಯಾವ ಕೂಗಿಗೆ ಏಳುತ್ತದೆಂಬುದು ಎದುರಾಳಿಗೆ ಮೊದಲೇ ಗೊತ್ತು, ಇವರಿಗೆ ಗೊತ್ತಿಲ್ಲ. ಕೂಗಿಗೆ ಮೋಸಹೋಗಿ ಮುಂಚೆಯೇ ಗೆರೆ ದಾಟಿದರೆ 5 ಗಜ ದಂಡ. ಅದಕ್ಕೇ ಕಣ್ಣು ಚೆಂಡಿನ ಮೇಲಿರಬೇಕು, ಕಿವಿಯನ್ನು ನಂಬಬಾರದು. ಚೆಂಡು ಅಲುಗಿದ ಕ್ಷಣ ಗಾರ್ಡ್‌ನ ಹೊರಭುಜದ ಕಡೆಯಿಂದ ನುಗ್ಗಿ ಎರಡೂ ಅಂಗೈಗಳನ್ನು ಅವನ ಎದೆಗೆ ಹೆಟ್ಟಬೇಕು. ತೂಕ ಎಷ್ಟೇ ಇರಲಿ, ಭುಜ ಕೆಳಗಿದ್ದವನದೇ ಮೇಲುಗೈ. ಸೊಂಟ ಎತ್ತಿ ಮಂಡಿ ನೆಟ್ಟಗೆ ಮಾಡಿದರೆ 135 ಕೆ.ಜಿ. ಆಳೂ ಹಿಂದಕ್ಕೆ ಜಾರುತ್ತಾನೆ. ಧಾರವಾಡ ಸೀಮೆಯ ಗರಡಿ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಾರಿಗೆ ಅಡ್ಡ ನಿಲ್ಲುವ ಇಬ್ಬರು ಬ್ಲಾಕರ್‌ಗಳನ್ನು ತನ್ನ ಮೇಲೆ ಎಳೆದುಕೊಂಡು, ತನ್ನ ಹಿಂದೆ ನಿಂತ ಜೊತೆಗಾರ ಲೈನ್‌ಬ್ಯಾಕರ್‌ಗೆ ದಾರಿ ಬಿಡಿಸಿಕೊಟ್ಟರೆ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಏನೂ ಏರುವುದಿಲ್ಲ. ಕಬಡ್ಡಿಯಲ್ಲಿ ಚೈನ್ ಹಿಡಿದ ಜೊತೆಗಾರನ ಪಾಡೂ ಇದೇ. ಲೆಕ್ಕಕ್ಕೆ ಸಿಗುವುದು ಸ್ಯಾಕ್, ಅಂದರೆ ಎದುರಾಳಿಯ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಗೆರೆಯ ಹಿಂದೆ ಕೆಡವುವುದು. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ಸಾಲಿನ ಅಂಚಿನವನಿಗೆ ಸುತ್ತಿ ಬರಲು ಜಾಗವಿದೆ. ನಡುವಿನವನು ಆ ಇಕ್ಕಟ್ಟಿನಲ್ಲೇ ನುಸುಳಬೇಕು. ಅಂಥ ಜಾಗದಲ್ಲಿ ಒಕೋಯೆ 2007ರ ತಮ್ಮ ಮೊದಲ ಋತುವಿನಲ್ಲೇ 5.5 ಸ್ಯಾಕ್ ಗಳಿಸಿದರು.

ಅವರ ವಯಸ್ಸನ್ನೂ ನೋಡಿ. 12ನೇ ವಯಸ್ಸಿಗೆ ಅಲಬಾಮಾದ ಹಂಟ್ಸ್‌ವಿಲ್‌ಗೆ ಬಂದು ನೇರ ಹೈಸ್ಕೂಲು ಸೇರಿದ ಹುಡುಗ (ನಮ್ಮಲ್ಲಿ ಅದು ಏಳನೇ ಇಯತ್ತೆಯ ವಯಸ್ಸು). ಅಲ್ಲಿಂದ ಲೂಯಿವಿಲ್ ವಿಶ್ವವಿದ್ಯಾಲಯ. ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2007ರ ಡ್ರಾಫ್ಟ್‌ನಲ್ಲಿ ಹ್ಯೂಸ್ಟನ್ ಟೆಕ್ಸನ್ಸ್ ತಂಡ 10ನೆಯವರಾಗಿ ಆರಿಸಿಕೊಂಡಾಗ ಅವರಿಗೆ 19 ವರ್ಷ. 1967ರಿಂದ ನಡೆದಿರುವ ಡ್ರಾಫ್ಟ್‌ಗಳ ಮೊದಲ ಸುತ್ತಿನಲ್ಲಿ ಅಷ್ಟು ಚಿಕ್ಕವರನ್ನು ಅದುವರೆಗೆ ಯಾರೂ ಆರಿಸಿರಲಿಲ್ಲ. 2011ರಲ್ಲಿ ಟೆಕ್ಸನ್ಸ್ ತಡೆಯುವ ಮುಂಚೂಣಿಯಲ್ಲಿ ನಾಲ್ವರ ಸಾಲು ಬಿಟ್ಟು ಮೂವರ ಸಾಲಿಗೆ ಹೋಯಿತು. ಇಂಥ ಸಾಲಿನಲ್ಲಿ ನಡುವಿಗೆ ಸಾಮಾನ್ಯವಾಗಿ ಇನ್ನೂ ದಪ್ಪ ಆಳು ಬೇಕು. ಆ ವರ್ಷವೇ ತಂಡ ಅವರನ್ನು ಕೈಬಿಟ್ಟಿತು. ನಾಲ್ವರ ಸಾಲನ್ನೇ ಇಟ್ಟುಕೊಂಡಿದ್ದ ಶಿಕಾಗೋ ಬೇರ್ಸ್ ಕರೆದುಕೊಂಡಿತು. ಇದನ್ನು ವೈಫಲ್ಯ ಎನ್ನುವುದು ಹೇಗೆ?

ಇನ್ನು ಕಾಯಿಲೆ. 2013ರಲ್ಲಿ ಅವರಿಗೆ ಬಂದದ್ದು ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್. ದೇಹ ರಕ್ಷಣೆಗೆಂದು ತಯಾರಿಸುವ ಪ್ರತಿಕಾಯಗಳು ತನ್ನದೇ ಮಿದುಳಿನ ಮೇಲೆ ತಿರುಗಿ ಬೀಳುವ ರೋಗ ಇದು. ಹೆಚ್ಚಾಗಿ ಕಾಣುವುದು ಮಕ್ಕಳಲ್ಲಿ, ಯುವತಿಯರಲ್ಲಿ; ಕೆಲವರಲ್ಲಿ ಅಂಡಾಶಯದ ಗಡ್ಡೆ ಮೂಲವಾಗಿರುತ್ತದೆ, ಗಂಡಸರಲ್ಲಿ ಬಹುಪಾಲು ಮೂಲವೇ ಸಿಗುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಲೆಪೆಟ್ಟಿನಿಂದ ಮಿದುಳು ಹಾಳಾಗುವುದು ನಿಜ, ಆದರೆ ಅದು ಬೇರೆಯೇ ಕಾಯಿಲೆ. ಎರಡನ್ನೂ ಬೆರೆಸಿ ಬರೆದರೆ ರೋಗ ಗುರುತಿಸುವವರ ದಾರಿ ತಪ್ಪುತ್ತದೆ. ಮೊದಲು ತಲೆನೋವು, ಜ್ವರ, ಆಮೇಲೆ ನಿದ್ದೆ ಇಲ್ಲ, ಅಸಂಬದ್ಧ ಮಾತು, ಎಲ್ಲರ ಮೇಲೂ ಸಂಶಯ, ಬಳಿಕ ಫಿಟ್ಸ್. ಮಾತು ಕೆಟ್ಟ ಹಂತದಲ್ಲಿ ಹುಚ್ಚು ಎಂದುಕೊಳ್ಳುವುದು ಸುಲಭ. ನಮ್ಮ ಕಡೆ ತಾಯತ ಕಟ್ಟಿಸಲು ಕರೆದೊಯ್ಯುವುದೂ ಆಗಲೇ. ಬೆನ್ನುಹುರಿಯ ನೀರು ತೆಗೆದು ಪ್ರತಿಕಾಯ ಹುಡುಕಿದರೆ ರೋಗ ಖಚಿತವಾಗುತ್ತದೆ. ಸ್ಟಿರಾಯ್ಡ್, ಇಮ್ಯುನೊಗ್ಲೊಬ್ಯುಲಿನ್, ಪ್ಲಾಸ್ಮಾ ಬದಲಾವಣೆ ಬೇಗ ಶುರುವಾದಷ್ಟೂ ಚೇತರಿಕೆ ಚೆನ್ನ.

ಒಕೋಯೆ ತಿಂಗಳುಗಟ್ಟಲೆ ಕೋಮಾದಲ್ಲಿದ್ದು ಎದ್ದರು. 2014ರಲ್ಲಿ ಡಲ್ಲಾಸ್ ಕೌಬಾಯ್ಸ್ ಅವರೊಂದಿಗೆ ಕರಾರು ಮಾಡಿಕೊಂಡಿತು, ಆದರೆ ಋತುವಿನ ಪಂದ್ಯಕ್ಕೆ ಇಳಿಯಲಾಗಲಿಲ್ಲ. ತಿದ್ದುಪಡಿ ಅದೇ ಪುಟದಲ್ಲಿ, ರೋಗದ ಹೆಸರಿನ ಸಮೇತ ಬರಲೆಂದು ಕೋರುತ್ತೇವೆ.

— ಕೆಲವು ದೈಹಿಕ ಶಿಕ್ಷಣ ಶಿಕ್ಷಕರು, ಧಾರವಾಡ