ಲಿವಿಯಾಳ ಮೇಲಿನ ಆರೋಪಕ್ಕೆ ತಾರೀಖು ಹಾಕಿ: ರೋಮ್ ನಗರದ ಮೇಯರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ ನಮಸ್ಕಾರಗಳು.

ನಾನು ಕರ್ನಾಟಕದವನು, ಇತಿಹಾಸ ಪಾಠ ಮಾಡಿಕೊಂಡು ಬಂದವನು. ನಿಮ್ಮ ಊರಿನ ಎರಡು ಸಾವಿರ ವರ್ಷಗಳ ಹಿಂದಿನ ಸಾವುಗಳ ಬಗ್ಗೆ ನನಗೇನು ಕೆಲಸ ಎಂದು ನೀವು ಕೇಳಬಹುದು. ದಕ್ಷಿಣ ಭಾರತದ ನೆಲದಲ್ಲಿ ಸಿಕ್ಕಿರುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಎರಡು ಬಗೆಯವು ಬಹಳ ಹೆಚ್ಚು. ಒಂದರ ಹಿಂಬದಿಯಲ್ಲಿ ಗುರಾಣಿ, ಈಟಿಗಳೊಂದಿಗೆ ನಿಂತ ಇಬ್ಬರು ಹುಡುಗರಿದ್ದಾರೆ. ಅವರು ಚಕ್ರವರ್ತಿ ಆಗಸ್ಟಸ್ ತನ್ನ ಉತ್ತರಾಧಿಕಾರಿಗಳಾಗಲೆಂದು ದತ್ತು ತೆಗೆದುಕೊಂಡ ಮೊಮ್ಮಕ್ಕಳು, ಗೈಯಸ್ ಮತ್ತು ಲೂಸಿಯಸ್. ಇನ್ನೊಂದು ಬಗೆ ಆಗಸ್ಟಸನ ನಂತರ ಚಕ್ರವರ್ತಿಯಾದ ಟೈಬೀರಿಯಸನ ಕಾಲದ್ದು. ಅದರಲ್ಲಿ ಕುಳಿತಿರುವ ಹೆಂಗಸನ್ನು ಅವನ ತಾಯಿ, ಆಗಸ್ಟಸನನ್ನು ಮರುಮದುವೆಯಾದ ಲಿವಿಯಾ ಎಂದು ಹಲವರು ಗುರುತಿಸುತ್ತಾರೆ. ಟೈಬೀರಿಯಸನ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ದೊರೆತಿದೆ. ಆ ಮನೆಯ ಜಗಳಕ್ಕೆ ನಮ್ಮ ಮಣ್ಣೂ ದೂರದ ಸಾಕ್ಷಿ ಎಂದು ನಂಬಿ ಬರೆಯುತ್ತಿದ್ದೇನೆ.

ದಶಕಗಳ ಕಾಲ ಮುಚ್ಚಿದ್ದು 2021ರಲ್ಲಿ ಬಾಗಿಲು ತೆರೆದ ಆಗಸ್ಟಸ್ ಸಮಾಧಿ ನಿಮ್ಮ ನಗರಾಡಳಿತದ ಆರೈಕೆಯಲ್ಲಿದೆ. ಅಲ್ಲಿಗೆ ಬರುವ ಜನ ಓದುವ ಫಲಕಗಳ ಬಗ್ಗೆ ನನ್ನದೊಂದು ಕೋರಿಕೆ. ಆ ಮನೆತನದಲ್ಲಿ ಅಕಾಲದಲ್ಲಿ ಸತ್ತ ಪ್ರತಿಯೊಬ್ಬರ ಹೆಸರಿನ ಕೆಳಗೆ ಮೂರು ಸಂಗತಿಗಳಿರಲಿ: ಅವರು ಎಲ್ಲಿ ಸತ್ತರು, ಅದರ ಬಗ್ಗೆ ಸಂಶಯವನ್ನು ಬರೆದಿಟ್ಟವರು ಯಾರು, ಸತ್ತ ಎಷ್ಟು ವರ್ಷಕ್ಕೆ ಬರೆದರು.

ಯಾಕೆಂದರೆ ಈ ಕಥೆ ಎಲ್ಲ ಕಡೆ ಒಂದೇ ಧಾಟಿಯಲ್ಲಿ ಹರಿದಾಡುತ್ತದೆ. ಮಗನಿಗೆ ಪಟ್ಟ ಕಟ್ಟಲು ಮಲತಾಯಿ ಲಿವಿಯಾ ಒಬ್ಬೊಬ್ಬರಿಗೇ ವಿಷ ಹಾಕಿದಳು, ಅಷ್ಟೆ. ನನ್ನ ವಿದ್ಯಾರ್ಥಿಗಳೂ ಹಾಗೆಯೇ ತಿಳಿದುಕೊಂಡು ಬರುತ್ತಿದ್ದರು. ಕೈಕೇಯಿಯ ಕಥೆ ಕೇಳಿ ಬೆಳೆದ ಮಕ್ಕಳಿಗೆ ಇದನ್ನು ನಂಬಲು ಪುರಾವೆಯೇ ಬೇಕಾಗಿರಲಿಲ್ಲ.

ಸಮಾಧಿಯೊಳಗೆ ಮೊದಲು ಸೇರಿದ ಮಾರ್ಸೆಲಸನನ್ನೇ ನೋಡಿ. ಆಗಸ್ಟಸನ ಅಕ್ಕನ ಮಗ, ಮಗಳ ಗಂಡನೂ ಹೌದು. ಕ್ರಿ.ಪೂ. 23ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ ತೀರಿಕೊಂಡ. ಲಿವಿಯಾಳ ಮೇಲೆ ಸಂಶಯವಿತ್ತೆಂದು ಬರೆದ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬದುಕಿದ್ದು ಅದಾಗಿ ಇನ್ನೂರು ವರ್ಷಗಳ ಮೇಲೆ. ಆ ವರ್ಷ ರೋಗರುಜಿನ ಹೆಚ್ಚಾಗಿ ತುಂಬಾ ಜನ ಸತ್ತಿದ್ದರು ಎಂದು ಬರೆದವನೂ ಅದೇ ಡಿಯೋ. ಅದೇ ವರ್ಷ ಆಗಸ್ಟಸನೇ ಸಾವಿನ ಬಾಯಿಗೆ ಹೋಗಿ ಬಂದಿದ್ದ. ಜನರ ನೆನಪು ಮೊದಲ ಮಾತನ್ನು ಹಿಡಿದುಕೊಂಡಿತು, ಎರಡನೆಯದನ್ನು ಬಿಟ್ಟಿತು.

ನಾಣ್ಯದ ಮೇಲಿನ ಆ ಇಬ್ಬರು ಹುಡುಗರ ಸಾವೂ ಹೀಗೆಯೇ. ಲೂಸಿಯಸ್ ಕ್ರಿ.ಶ. 2ರಲ್ಲಿ ಇಂದಿನ ಫ್ರಾನ್ಸಿನ ಮಾರ್ಸೇ ನಗರದಲ್ಲಿ ಕಾಯಿಲೆಯಿಂದ ಸತ್ತ. ಗೈಯಸ್ ಅರ್ಮೇನಿಯಾದಲ್ಲಿ ಕೋಟೆಯೊಂದರ ಮುತ್ತಿಗೆಯ ವೇಳೆ ಗಾಯಗೊಂಡು, ಚೇತರಿಸಿಕೊಳ್ಳಲಾಗದೆ, ಕ್ರಿ.ಶ. 4ರಲ್ಲಿ ಇಂದಿನ ಟರ್ಕಿಯಲ್ಲಿರುವ ಲಿಮಿರಾದಲ್ಲಿ ಸತ್ತ. ಒಬ್ಬ ಪಶ್ಚಿಮದಲ್ಲಿ, ಒಬ್ಬ ಪೂರ್ವದಲ್ಲಿ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಸುಮಾರು ನೂರು ವರ್ಷಗಳ ಬಳಿಕ, ಅವರನ್ನು ಒಯ್ದದ್ದು ವಿಧಿಯೋ ಮಲತಾಯಿ ಲಿವಿಯಾಳ ಕುತಂತ್ರವೋ ಎಂದು ಬರೆದು ಮುಂದೆ ಸಾಗಿದ. ಆ ‘ಮಲತಾಯಿ’ ಎಂಬ ಒಂದೇ ಶಬ್ದ ಎಷ್ಟು ಕೆಲಸ ಮಾಡಿತು! ಆ ಮಹಾನ್ ಬರಹಗಾರನನ್ನು ನಾನು ಗೌರವದಿಂದಲೇ ಓದುತ್ತೇನೆ, ಆದರೆ ಈ ವಾಕ್ಯಕ್ಕಾಗಿ ಅವನನ್ನು ಕ್ಷಮಿಸಲಾರೆ.

ಲಿವಿಯಾಳನ್ನು ಸಾಧ್ವಿಯೆಂದು ತೋರಿಸಿ ಎಂದು ನಾನು ಕೇಳುತ್ತಿಲ್ಲ. ಆಗಸ್ಟಸನ ಕೊನೆಯ ಮೊಮ್ಮಗ ಅಗ್ರಿಪ್ಪ ಪೋಸ್ಟುಮಸನ ವಿಷಯದಲ್ಲಿ ಗಾಳಿಮಾತು ಬೇಕೇ ಇಲ್ಲ, ಅದು ಕೊಲೆ. ಕ್ರಿ.ಶ. 14ರಲ್ಲಿ ಅಜ್ಜ ಸತ್ತ ಬೆನ್ನಲ್ಲೇ ಪ್ಲಾನೇಸಿಯಾ ದ್ವೀಪದಲ್ಲಿ ಸೆರೆಯಲ್ಲಿದ್ದ ಅವನನ್ನು ಕಾವಲಿನ ಸೈನಿಕರೇ ಕೊಂದರು. ಅಪ್ಪಣೆಯಂತೆ ಆಯಿತು ಎಂದು ಅಧಿಕಾರಿ ಬಂದು ವರದಿ ಮಾಡಿದಾಗ, ಅಪ್ಪಣೆ ನನ್ನದಲ್ಲ ಎಂದ ಟೈಬೀರಿಯಸ್. ಸತ್ತ ಆಗಸ್ಟಸನದೋ, ಲಿವಿಯಾಳದೋ, ಟೈಬೀರಿಯಸನದೋ? ವಿಚಾರಣೆಯೇ ನಡೆಯಲಿಲ್ಲ. ಮೂರೂ ಹೆಸರುಗಳನ್ನು ಫಲಕದಲ್ಲಿ ಬರೆಯಿರಿ.

ಟೈಬೀರಿಯಸನ ದತ್ತುಮಗ ಜರ್ಮಾನಿಕಸನ ವಿಷಯದಲ್ಲಿ ನಿಮ್ಮ ಹಿರಿಯರೇ ಒಂದು ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆ. ಕ್ರಿ.ಶ. 19ರ ಅಕ್ಟೋಬರ್ 10ರಂದು ಆಂಟಿಯೋಕ್‌ನಲ್ಲಿ, ಮೂವತ್ಮೂರರ ವಯಸ್ಸಿನಲ್ಲಿ ಅವನು ಸಾಯುವ ಮುಂಚೆ, ಸಿರಿಯಾದ ರಾಜ್ಯಪಾಲ ಪೀಸೋ ತನಗೆ ವಿಷವಿಕ್ಕಿದ್ದಾನೆಂದು ನಂಬಿದ್ದ. ಮನೆಯ ನೆಲ, ಗೋಡೆಗಳಲ್ಲಿ ಮನುಷ್ಯರ ಮೂಳೆಗಳು, ಅವನ ಹೆಸರು ಕೊರೆದ ಸೀಸದ ಮಾಟದ ತಗಡುಗಳು ಸಿಕ್ಕವಂತೆ. ಮರುವರ್ಷ ರೋಮ್‌ನಲ್ಲಿ ವಿಚಾರಣೆ ನಡೆಯಿತು. ವಿಷದ ಆರೋಪವನ್ನು ಮಾತ್ರ ಪೀಸೋ ಅಲ್ಲಗಳೆಯುವಲ್ಲಿ ಗೆದ್ದನೆಂದು ಟ್ಯಾಸಿಟಸನೇ ಹೇಳುತ್ತಾನೆ. ತೀರ್ಪು ಬರುವ ಮೊದಲೇ ಒಂದು ಬೆಳಗ್ಗೆ ಪೀಸೋ ಕತ್ತು ಸೀಳಿದ ಸ್ಥಿತಿಯಲ್ಲಿ ಸಿಕ್ಕ.

ಆಮೇಲೆ ಸೆನೆಟ್ ಮಾಡಿದ್ದೇನು? ತನ್ನ ನಿರ್ಣಯವನ್ನು ಕಂಚಿನಲ್ಲಿ ಕೆತ್ತಿಸಿ, ಪ್ರತಿ ಪ್ರಾಂತ್ಯದ ದೊಡ್ಡ ನಗರದಲ್ಲಿ, ಅತಿ ಹೆಚ್ಚು ಜನ ಓಡಾಡುವ ಜಾಗದಲ್ಲಿ ನಿಲ್ಲಿಸಲು ಆಜ್ಞೆ ಮಾಡಿತು. ಅದರ ಪ್ರತಿಗಳು ಸ್ಪೇನಿನ ದಕ್ಷಿಣ ಭಾಗದಲ್ಲಿ ಸಿಕ್ಕು 1996ರಲ್ಲಿ ಪ್ರಕಟವಾದವು. ಪೀಸೋವಿನ ಹೆಂಡತಿ ಪ್ಲಾಂಕಿನಾಳನ್ನು ಲಿವಿಯಾಳ ಕೋರಿಕೆಯ ಮೇರೆಗೆ ಬಿಟ್ಟುಬಿಟ್ಟೆವು ಎಂದು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದೆ. ನನ್ನ ಮಟ್ಟಿಗೆ ಲಿವಿಯಾಳ ಮೇಲೆ ನಿಲ್ಲುವ ದೂರು ಇದು: ಆರೋಪಿಯಾದ ಗೆಳತಿಯನ್ನು ಪ್ರಭಾವ ಬಳಸಿ ಉಳಿಸಿದಳು. ವಿಷದ ಕಥೆಗಳಿಗಿಂತ ಇದನ್ನು ಜನ ಓದಬೇಕು. ಆ ನಿರ್ಣಯದ ಅನುವಾದವನ್ನು ಸಮಾಧಿಯ ಬಳಿ ನಿಲ್ಲಿಸಿ.

ಜರ್ಮಾನಿಕಸನ ಹೆಂಡತಿ ಅಗ್ರಿಪ್ಪಿನಾ ಗಂಡನ ಚಿತಾಭಸ್ಮವನ್ನು ಆಂಟಿಯೋಕ್‌ನಿಂದ ತಾನೇ ಹೊತ್ತು ತಂದವಳು. ಟೈಬೀರಿಯಸನ ಕೋಪಕ್ಕೆ ಗುರಿಯಾಗಿ, ಗಡೀಪಾರಾಗಿ, ಕ್ರಿ.ಶ. 33ರಲ್ಲಿ ಪಂಡಾಟೇರಿಯಾ ದ್ವೀಪದಲ್ಲಿ ಅನ್ನವಿಲ್ಲದೆ ಸತ್ತಳು. ನಾಲ್ಕು ವರ್ಷಗಳ ನಂತರ ಮಗ ಕಲಿಗುಲಾ ಪಟ್ಟಕ್ಕೆ ಬಂದು ಅವಳ ಅಸ್ಥಿಯನ್ನು ತಂದು ಈ ಸಮಾಧಿಯಲ್ಲಿಟ್ಟ. ಆ ಅಸ್ಥಿಯನ್ನಿಟ್ಟ ಕಲ್ಲನ್ನು ಮಧ್ಯಯುಗದಲ್ಲಿ ಹೊರತೆಗೆದು ನಿಮ್ಮ ಊರಿನವರು ಧಾನ್ಯ ಅಳೆಯುವ ಕೊಳಗವಾಗಿ ಬಳಸಿದರು. ಹಸಿವಿನಿಂದ ಸತ್ತವಳ ಕಲ್ಲಿನಲ್ಲಿ ಕಾಳು ಅಳೆದರು. ಅದು ಈಗ ಕ್ಯಾಪಿಟೋಲಿನ್ ವಸ್ತುಸಂಗ್ರಹಾಲಯದಲ್ಲಿದೆ, ಅಂದರೆ ನಿಮ್ಮದೇ ಸುಪರ್ದಿಯಲ್ಲಿದೆ. ಮೂಲವನ್ನು ಕದಲಿಸುವುದು ಬೇಡ. ಅದರ ಒಂದು ಪ್ರತಿಯನ್ನು ಮಾಡಿಸಿ ಅವಳ ಗಂಡನ ಹೆಸರಿನ ಪಕ್ಕದಲ್ಲಿಡಿ.

ಇತಿ,
ಕರ್ನಾಟಕದ ಒಬ್ಬ ಇತಿಹಾಸ ಶಿಕ್ಷಕ