ಚರ್ಚಿನ ಹಾಡಿಗೆ ಡಿಸ್ಕೊ ಲಯ ಅಪಚಾರವಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಗಾಸ್ಪೆಲ್ (ಕ್ರೈಸ್ತ ಶುಭವಾರ್ತೆ ಸಾರುವ) ಗಾಯನಕ್ಕೆ ಸೋಲ್ (ಕಪ್ಪು ಜನರ ಭಾವತೀವ್ರ ಜನಪ್ರಿಯ ಸಂಗೀತ) ಮತ್ತು ಕುಣಿತದ ಡಿಸ್ಕೊ ಲಯಗಳನ್ನು ಬೆರೆಸುವ ಗಾಯನವೃಂದಗಳು ಪವಿತ್ರ ಸಂಗೀತದ ಮಡಿ ಕೆಡಿಸುತ್ತಿವೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಬಹುಕಾಲದಿಂದ ಈ ಸಂಗೀತವನ್ನು ಪ್ರೀತಿಯಿಂದ ಕೇಳುತ್ತ ಬಂದಿರುವ ನನಗೆ ಈ ಆಕ್ಷೇಪ ಒಪ್ಪಿಗೆಯಾಗುವುದಿಲ್ಲ.

ಸೋಲ್ ಸಂಗೀತ ಚರ್ಚಿನ ಮನೆಮಗಳು. ಹೆಸರಾಂತ ಸೋಲ್ ಗಾಯಕಿ ಅರೀಥಾ ಫ್ರಾಂಕ್ಲಿನ್ ಬಾಲ್ಯದಲ್ಲಿ ಹಾಡಲು ಕಲಿತದ್ದು ಡೆಟ್ರಾಯಿಟ್‌ನಲ್ಲಿ ತಂದೆಯೇ ಪಾದ್ರಿಯಾಗಿದ್ದ ಚರ್ಚಿನಲ್ಲಿ. 1972ರ ಜನವರಿಯಲ್ಲಿ ಅವರು ಲಾಸ್ ಏಂಜಲೀಸ್‌ನ ಚರ್ಚೊಂದರಲ್ಲಿ ಗಾಸ್ಪೆಲ್ ಗಾಯಕ ಜೇಮ್ಸ್ ಕ್ಲೀವ್‌ಲ್ಯಾಂಡ್ ಹಾಗೂ ಗಾಯನವೃಂದದೊಡನೆ ಎರಡು ರಾತ್ರಿ ಭಕ್ತಿಗೀತೆಗಳನ್ನು ಹಾಡಿದಾಗ, ಮಗಳು ತವರಿಗೆ ಬಂದಂತಾಯಿತು. ಗಾಸ್ಪೆಲ್ ಸಂಗೀತದ ಪಿತಾಮಹರೆನಿಸಿದ ಥಾಮಸ್ ಡಾರ್ಸಿಯವರೂ ಮೊದಲು ಬ್ಲೂಸ್ (ಕಪ್ಪು ಜನರ ಲೌಕಿಕ ಸಂಗೀತ) ಪಿಯಾನೊ ನುಡಿಸುತ್ತಿದ್ದವರೇ.

ಗಾಸ್ಪೆಲ್ ಸಂಗೀತಗಾರ ಎಡ್ವಿನ್ ಹಾಕಿನ್ಸ್ ಅವರ ವೃಂದ 1969ರಲ್ಲಿ ಜಗತ್ತಿಗೆ ಕೇಳಿಸಿದ ‘ಓ ಹ್ಯಾಪಿ ಡೇ’ ಹಾಡನ್ನೇ ನೋಡೋಣ. ಮೂಲ 18ನೇ ಶತಮಾನದ ಇಂಗ್ಲಿಷ್ ಪ್ರಾರ್ಥನಾಗೀತೆ. ಧ್ವನಿಮುದ್ರಣ ನಡೆದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಚರ್ಚಿನಲ್ಲಿ. ಪಿಯಾನೊ ಮೆಲ್ಲನೆ ಹೆಜ್ಜೆಯಿಡುತ್ತದೆ, ಪ್ರಧಾನ ಗಾಯಕಿ ಡರಥಿ ಮಾರಿಸನ್ ಅವರ ದನಿ ಹತ್ತಿರ ಕೂತು ಮಾತನಾಡಿಸುವಷ್ಟು ತಗ್ಗಿನಲ್ಲಿ ಶುರುವಾಗುತ್ತದೆ, ಒಂದೊಂದು ಸಾಲಿಗೂ ವೃಂದ ಓಗೊಡುತ್ತದೆ, ಆಮೇಲೆ ಚಪ್ಪಾಳೆಯೊಂದಿಗೆ ಇಡೀ ಹಾಡು ಮೇಲೇಳುತ್ತದೆ. ಪಾಪ್ ಹಾಡುಗಳ ನಡುವೆ ರೇಡಿಯೊದಲ್ಲಿ ಮೊಳಗಿದರೂ ಅದರ ಪ್ರಾರ್ಥನೆ ಪ್ರಾರ್ಥನೆಯಾಗಿಯೇ ಉಳಿಯಿತು.

ಡಿಸ್ಕೊ ವಿಚಾರವೂ ಇಂಥದೇ. 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್ ಭಾಗದ ಚರ್ಚಿನಲ್ಲಿ ಫಿಲಿಸ್ ಮೆಕಾಯ್ ಜೂಬರ್ಟ್ ಅವರ ವೃಂದ ಹಾಡಿದ ಗೀತೆಯೊಂದನ್ನು ಲ್ಯಾರಿ ಲೆವನ್ ಎಂಬ ಡಿಜೆ ಪ್ಯಾರಡೈಸ್ ಗರಾಜ್ ಎಂಬ ನೃತ್ಯಶಾಲೆಯಲ್ಲಿ ಮತ್ತೆ ಮತ್ತೆ ನುಡಿಸಿದರು. ಡೆಟ್ರಾಯಿಟ್‌ನ ಕ್ಲಾರ್ಕ್ ಸಹೋದರಿಯರ ಗಾಸ್ಪೆಲ್ ಹಾಡೊಂದೂ ಹಾಗೆಯೇ ಡಿಸ್ಕೊ ನೃತ್ಯಶಾಲೆಗಳಿಗೆ ಹೋಯಿತು. ನಿಮಿಷಕ್ಕೆ ಸುಮಾರು 120 ಪೆಟ್ಟುಗಳಂತೆ ಬೀಳುವ ಡಿಸ್ಕೊ ಡ್ರಮ್‌ಗೂ, ಆರಾಧನೆ ಕಾವೇರಿದಾಗ ನೂರಾರು ಕೈಗಳು ಒಟ್ಟಾಗಿ ಬಡಿಯುವ ತಾಳಕ್ಕೂ ನಂಟು ಹೊಸದಾಗಿ ಬೆಸೆಯಬೇಕಿರಲಿಲ್ಲ. ಮೈ ಮರೆತು ಕುಣಿಯುವುದು ಆ ಚರ್ಚುಗಳ ಆರಾಧನೆಯಲ್ಲಿ ಮೊದಲಿನಿಂದಲೂ ಇದೆ.

ನನ್ನದೂ ಒಂದು ತಕರಾರಿದೆ. ಇತ್ತೀಚಿನ ಕೆಲವು ರೀಮಿಕ್ಸ್‌ಗಳಲ್ಲಿ ಯಂತ್ರದ ತಾಳ ಎಷ್ಟು ಜೋರಾಗಿರುತ್ತದೆಂದರೆ, ನಲವತ್ತು ಕಂಠಗಳು ಒಟ್ಟಿಗೆ ಉಸಿರೆಳೆದುಕೊಳ್ಳುವ ಆ ಕ್ಷಣವೇ ಕೇಳಿಸುವುದಿಲ್ಲ. ಸಾಹಿತ್ಯ ಮುಳುಗಿದರೆ ಗಾಸ್ಪೆಲ್ ಎಂಬ ಹೆಸರಿಗೆ ಅರ್ಥವಿಲ್ಲ. ಆದರೆ ಇದು ಧ್ವನಿಮಿಶ್ರಣ ಮಾಡುವವರ ತಪ್ಪು, ಲಯವನ್ನು ಹಳಿಯುವುದು ಸರಿಯಲ್ಲ.

ಇಂಥ ವೃಂದಗಳ ಬಗ್ಗೆ ಬರೆಯುವಾಗ ತಮ್ಮ ಪತ್ರಿಕೆ ಪ್ರಧಾನ ಗಾಯಕರ ಜತೆಗೆ ಹಿಂದಿನ ಸಾಲುಗಳಲ್ಲಿ ನಿಂತು ಹಾಡುವವರನ್ನೂ ಪರಿಚಯಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ಸಂಗೀತಪ್ರಿಯ ಓದುಗ