ಮಂಡಿಚಿಪ್ಪು ಜಾಗಕ್ಕೆ ಕೂತು ಇವತ್ತಿಗೆ ಒಂದು ವರ್ಷ

ಬೆಳಗ್ಗೆ ಮೆಟ್ಟಿಲು ಇಳಿದು ಕೆಳಗೆ ಬಂದ ಮೇಲೆ ಗೊತ್ತಾಯಿತು, ಕಂಬಿ ಹಿಡಿಯುವುದನ್ನೇ ಮರೆತಿದ್ದೆ. ಆಪರೇಷನ್ ಆಗಿ ಇವತ್ತಿಗೆ ಸರಿಯಾಗಿ ಒಂದು ವರ್ಷ. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಇನ್ನೂ ತಡ ಮಾಡಬಾರದು ಅಂತ ಕೂತೆ.

ನಾಲ್ಕು ಸಲ ನನ್ನ ಚಿಪ್ಪು ಹೊರಗಡೆಗೆ ಜಾರಿತ್ತು. ನೋವನ್ನಾದರೂ ಹೇಗೋ ತಡೆದುಕೊಳ್ಳಬಹುದು, ಮತ್ತೆ ಯಾವಾಗ ಜಾರುತ್ತದೋ ಎಂಬ ಭಯ ಮಾತ್ರ ಬಿಡುತ್ತಿರಲಿಲ್ಲ. ಯಾರಾದರೂ ಹಿಂದಿನಿಂದ ಕರೆದರೆ ಥಟ್ಟನೆ ತಿರುಗುವ ಹಾಗಿರಲಿಲ್ಲ.

ಮೊದಲು ತೋರಿಸಿದ ಕಡೆ, "ಚಿಪ್ಪಿನ ಹೊರಪಕ್ಕದ ಬಿಗಿ ಪಟ್ಟಿ ಬಿಡಿಸಿದರೆ ಆಯ್ತು, ಸಣ್ಣ ಕೆಲಸ" ಅಂದಿದ್ದರು. ನಾನು ಹೂಂ ಅಂದುಬಿಟ್ಟಿದ್ದೆ. ಅಕ್ಕ ಒಪ್ಪಲಿಲ್ಲ. "ಇನ್ನೊಬ್ಬರ ಹತ್ತಿರ ಕೇಳೋಣ, ಕೇಳೋದಕ್ಕೇನು?" ಅಂದಳು. ಅಕ್ಕಾ, ಆ ಒಂದು ಮಾತಿಗೆ ನಾನು ಎಷ್ಟು ಋಣಿ ಅಂತ ನಿನಗೆ ಗೊತ್ತಾ?

ಎರಡನೇ ಡಾಕ್ಟರ್ ಸ್ಕ್ಯಾನ್ ನೋಡಿ, ಎಡಗೈಯನ್ನು ಬೊಗಸೆಯ ಹಾಗೆ ಮಾಡಿ, ಅದರೊಳಗೆ ಬಲಗೈ ಹೆಬ್ಬೆರಳು ಇಟ್ಟರು. "ಇದು ತೊಡೆ ಮೂಳೆಯ ಕಾಲುವೆ, ಇದು ನಿಮ್ಮ ಚಿಪ್ಪು." ಹೆಬ್ಬೆರಳು ಹೊರಗೆ ಜಾರದಂತೆ ಹಿಡಿಯುವುದು ಏನೇನು ಅಂತ ಒಂದೊಂದಾಗಿ ತೋರಿಸಿದರು. ಒಳಬದಿಯಲ್ಲಿ ಚಿಪ್ಪನ್ನು ತೊಡೆ ಮೂಳೆಗೆ ಕಟ್ಟಿ ಹಿಡಿಯುವ ನಾರು, ಎಂಪಿಎಫ್‌ಎಲ್ ಎಂಬ ಲಿಗಮೆಂಟ್ ಇದೆ. ಚಿಪ್ಪು ಮೊದಲ ಸಲ ಜಾರಿದಾಗಲೇ ಅದು ಹೆಚ್ಚುಕಡಿಮೆ ಎಲ್ಲರಿಗೂ ಹರಿಯುತ್ತದೆ. ಅದಕ್ಕೆ ತೊಡೆ ಹಿಂದಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಒಂದನ್ನು ತೆಗೆದು ಹೊಸದಾಗಿ ಕಟ್ಟುತ್ತಾರೆ. ಇನ್ನು ಕೆಳಗೆ, ಚಿಪ್ಪಿನ ಟೆಂಡನ್ ಮಂಡಿಯ ಕೆಳಗಿನ ಮೂಳೆಗೆ ಅಂಟಿಕೊಳ್ಳುವ ಉಬ್ಬು. ಅದು ಕಾಲುವೆಯ ನೇರಕ್ಕಿಂತ ತೀರಾ ಹೊರಗಿದ್ದರೆ ಚಿಪ್ಪನ್ನು ಪ್ರತಿ ಹೆಜ್ಜೆಗೂ ಹೊರಗೆ ಎಳೆಯುತ್ತಲೇ ಇರುತ್ತದೆ. ಸಾಮಾನ್ಯವಾಗಿ ಆ ಅಂತರ 20 ಮಿಲಿಮೀಟರ್ ದಾಟಿದರೆ ಮೂಳೆಯನ್ನೇ ಕತ್ತರಿಸಿ ಒಳಗೆ ಸರಿಸುವ ಯೋಚನೆ ಮಾಡುತ್ತಾರೆ. ನನ್ನದು 22 ಇತ್ತು. ಚಿಪ್ಪು ತುಂಬಾ ಮೇಲೆ ಕೂತಿದ್ದರೆ ಆ ಉಬ್ಬನ್ನು ಕೆಳಗೂ ಸರಿಸುತ್ತಾರಂತೆ, ನನಗೆ ಅದು ಬೇಕಾಗಲಿಲ್ಲ. ಕಾಲುವೆಯೇ ಚಪ್ಪಟೆಯಾಗಿದ್ದರೆ ಅದನ್ನು ಆಳ ಮಾಡುವ ದೊಡ್ಡ ಸರ್ಜರಿಯೂ ಇದೆ. ಅದನ್ನು ಎಲ್ಲರಿಗೂ ಮಾಡುವುದಿಲ್ಲ.

ಆ ಪಕ್ಕದ ಪಟ್ಟಿ? ಪದೇ ಪದೇ ಜಾರುವ ಚಿಪ್ಪಿಗೆ ಅದೊಂದನ್ನೇ ಬಿಡಿಸಿದರೆ ಸಾಲದು, ಕೆಲವು ಸಲ ಇನ್ನಷ್ಟು ಸಡಿಲವಾಗುತ್ತದೆ ಅಂದರು. ನನಗೆ ಕೈಕಾಲು ತಣ್ಣಗಾಯಿತು.

ಡಾಕ್ಟರ್, ನೀವು ಕೂಡಲೇ ತಾರೀಖು ಕೊಡಲಿಲ್ಲ. ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿಸಿದಿರಿ. ಮೂಳೆ ಕೂಡದೆ ಇರಬಹುದು, ಮಂಡಿ ಬಿಗಿಯಾಗಬಹುದು, ಸರಿಸಿದ ಮೂಳೆಯನ್ನು ಹಿಡಿಯುವ ಸ್ಕ್ರೂ ಚುಚ್ಚಬಹುದು ಅಂತ ಒಂದನ್ನೂ ಮುಚ್ಚಿಡಲಿಲ್ಲ. ಎಲ್ಲ ತಿಳಿದುಕೊಂಡ ಮೇಲೆ ನಾನೇ ಹೇಳಿದೆ, ಲಿಗಮೆಂಟ್ ಕಟ್ಟುವುದು, ಮೂಳೆ ಸರಿಸುವುದು ಎರಡೂ ಒಟ್ಟಿಗೆ ಆಗಲಿ ಅಂತ. ಆಪರೇಷನ್ ದಿನ ಹೆದರಿಕೆ ಇತ್ತು, ಅನುಮಾನ ಇರಲಿಲ್ಲ.

ಇದನ್ನು ಓದಿ ಯಾರೂ ನನಗೂ ಅದೇ ಬೇಕು ಅಂದುಕೊಳ್ಳಬೇಡಿ. ಅಲ್ಲಿ ನನ್ನ ಜೊತೆ ಕಾಯುತ್ತಿದ್ದ ಹುಡುಗನಿಗೆ ಇನ್ನೂ ಮೂಳೆ ಬೆಳೆಯುತ್ತಿತ್ತು. ಬೆಳೆಯುವ ವಯಸ್ಸಿನಲ್ಲಿ ಆ ಮೂಳೆ ಕತ್ತರಿಸುವ ಹಾಗಿಲ್ಲ, ಅವನ ದಾರಿಯೇ ಬೇರೆ.

ಫಿಸಿಯೋ ಮೇಡಂ, ನಿಮ್ಮನ್ನು ಹೇಗೆ ಮರೆಯಲಿ. ಆಪರೇಷನ್ ಆದ ಮೇಲೆ ನನ್ನ ತೊಡೆ ನನ್ನ ಮಾತೇ ಕೇಳುತ್ತಿರಲಿಲ್ಲ. ಮಂಡಿಯ ಮೇಲೆ, ಒಳಬದಿಗೆ ಎರಡು ಬೆರಳು ಇಟ್ಟು "ಇಲ್ಲಿ ಬಿಗಿ ಮಾಡಿ" ಅನ್ನುತ್ತಿದ್ದಿರಿ. ಹಲ್ಲು ಕಚ್ಚಿದರೂ ಏನೂ ಇಲ್ಲ. ಒಂಬತ್ತನೇ ದಿನ ನಿಮ್ಮ ಬೆರಳ ಕೆಳಗೆ ಒಂಚೂರು ಮಿಸುಕಿತು. ನೀವು ಏನೂ ಹೇಳಲಿಲ್ಲ, ನನ್ನ ಕೈ ತಗೊಂಡು ಅದೇ ಜಾಗದಲ್ಲಿ ಇಟ್ಟಿರಿ. ನಾನು ಅತ್ತುಬಿಟ್ಟೆ.

ಊರುಗೋಲಿನ ಆರು ವಾರ ರಾತ್ರಿ ಎದ್ದು ಕಾಲ ಕೆಳಗಿನ ದಿಂಬು ಸರಿ ಮಾಡಿದ ಅಮ್ಮನಿಗೆ, ನನ್ನ ಪಾಲಿನ ಕೆಲಸ ಸುಮ್ನೆ ಮಾಡಿ ಮುಗಿಸುತ್ತಿದ್ದ ಗೆಳೆಯರಿಗೆ, ಎಲ್ಲರಿಗೂ ಥ್ಯಾಂಕ್ಸ್.

ಮಂಡಿಯೂರಿ ಕೂತರೆ ಸ್ಕ್ರೂ ಇರುವ ಕಡೆ ಇನ್ನೂ ನೋಯುತ್ತದೆ. ಬೇಕಾದರೆ ತೆಗೆಸಬಹುದಂತೆ, ನೋಡೋಣ. ಅಕ್ಕ ಮಾತ್ರ ಇವತ್ತಿಗೂ ಮೆಟ್ಟಿಲ ಮೇಲೆ ನನಗಿಂತ ಒಂದು ಹೆಜ್ಜೆ ಮುಂದೆ ಇಳಿಯುತ್ತಾಳೆ, ಬಿದ್ದರೆ ಹಿಡಿಯೋಕೆ. ಸಂಜೆ ಹೇಳಿದೆ, "ಇನ್ಮೇಲೆ ನನ್ನ ಪಕ್ಕ ಬಾ."